ದೊಡ್ಡ ಮನೆಯ ಹಿಂಬದಿ ಕಿಟಕಿ

ಐರ್ಲೆಂಡಿನ ಕ್ಯಾಸಲ್‌ಟೌನ್ ಎಂಬ ಹಳೆಯ ಮನೆಯ ಮೆಟ್ಟಿಲಿಗೆ ಹಿತ್ತಾಳೆಯ ಕಂಬಿಗಳಿವೆ. ಅವುಗಳಲ್ಲಿ ಮೂರು ಕಂಬಿಗಳ ಮೇಲೆ ಒಂದು ಹೆಸರು, ಒಂದು ಊರು, ಒಂದು ಇಸವಿ ಕೊರೆದಿದೆ. ಎ. ಕಿಂಗ್, ಡಬ್ಲಿನ್, 1760. ಮೊದಲ ಸಲ ಹೋದಾಗ ಗೈಡ್ ಅದನ್ನು ತೋರಿಸಿದ್ದರು. ನನ್ನ ಮಗಳು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಓದಿದಳು.

"ಅಮ್ಮಾ, ಇದು ಈ ಮನೆ ಯಜಮಾನನ ಹೆಸರಾ?"

"ಅಲ್ಲ ಪುಟ್ಟಿ, ಕಂಬಿ ಮಾಡಿದವನದ್ದು."

ಅಷ್ಟು ಹೇಳಿ ಮುಂದೆ ಹೋದೆವು. ಆದರೆ ಆ ಮೂರು ಕಂಬಿ ಮನಸ್ಸಿನಲ್ಲಿ ಉಳಿದುಬಿಟ್ಟವು. ಇಷ್ಟು ದೊಡ್ಡ ಮನೆ. ಇಲ್ಲಿ ಕಲ್ಲು ಹೊತ್ತವರು, ಗಾರೆ ಕಲಸಿದವರು, ನೀರು ಸೇದಿದವರು ಸಾವಿರಾರು ಜನ ಇದ್ದಿರಬೇಕು. ಅವರೊಳಗೆ ತನ್ನ ಹೆಸರನ್ನು ತಾನೇ ಬರೆದಿಟ್ಟು ಹೋದ ಒಬ್ಬ ನನಗೆ ಕಣ್ಣಿಗೆ ಬಿದ್ದ.

ನಾವು ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಸೆಲ್‌ಬ್ರಿಜ್ ಎಂಬ ಊರಿನಲ್ಲಿದ್ದೇವೆ. ಡಬ್ಲಿನ್‌ನಿಂದ ಪಶ್ಚಿಮಕ್ಕೆ, ಲಿಫಿ ನದಿಯ ದಡದ ಊರು. ಪಕ್ಕದ ಲೀಕ್ಸ್‌ಲಿಪ್‌ನಲ್ಲಿ ಇಂಟೆಲ್ ಕಾರ್ಖಾನೆ ಇದೆ. ಹಾಗಾಗಿ ಈ ಸುತ್ತಿನಲ್ಲಿ ನಮ್ಮ ಕಡೆಯವರು ಸಾಕಷ್ಟು ಸಿಗುತ್ತಾರೆ. ಭಾನುವಾರ ಮಳೆ ಇಲ್ಲದಿದ್ದರೆ ನಮ್ಮ ಕಾಲು ತಾನಾಗಿ ಕ್ಯಾಸಲ್‌ಟೌನ್ ಕಡೆ ತಿರುಗುತ್ತದೆ. ಊರಿನ ಮುಖ್ಯ ಬೀದಿಯ ಕೊನೆಗೆ ಗೇಟು. ಅಲ್ಲಿಂದ ಎರಡೂ ಬದಿ ಮರಗಳ ಉದ್ದನೆ ಸಾಲು. ಸಾಲು ಮುಗಿದು ತಿರುಗಿದ ಮೇಲೆ ಒಮ್ಮೆಲೇ ಬೂದು ಕಲ್ಲಿನ ಆ ಮನೆ ಎದುರಾಗುತ್ತದೆ. ಮೂರು ಮಹಡಿ, ಮಧ್ಯದ ಸಾಲಿನಲ್ಲಿ 13 ಕಿಟಕಿ, ಎರಡು ಪಕ್ಕಕ್ಕೂ ಬಾಗಿದ ಕಂಬಸಾಲು. ತೋಟ ಸುತ್ತಲು ದುಡ್ಡು ಕೊಡಬೇಕಿಲ್ಲ. ನಾಯಿ ಕರೆದುಕೊಂಡು ಬಂದವರು, ಗಾಡಿಯಲ್ಲಿ ಪಾಪು ಮಲಗಿಸಿಕೊಂಡು ಬಂದವರು, ಸುಮ್ನೆ ಕೂತವರು, ಎಲ್ಲರೂ ಇರುತ್ತಾರೆ.

ಇಂಥ ಮನೆಗಳಿಗೆ ಐರಿಷ್ ಜನ "ಬಿಗ್ ಹೌಸ್" ಅನ್ನುತ್ತಾರೆ. ದೊಡ್ಡ ಮನೆ. ಮೊದಲ ಸಲ ಕೇಳಿದಾಗ ನನಗೆ ಅನುವಾದವೇ ಬೇಕಾಗಲಿಲ್ಲ. ನಮ್ಮಜ್ಜ ದಕ್ಷಿಣ ಕನ್ನಡದಲ್ಲಿ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಅಳೆದು ಕೊಟ್ಟು ಬರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಕಾಯ್ದೆಯಡಿ ಡಿಕ್ಲರೇಷನ್ ಹಾಕಿದ ಮೇಲೆ ಗದ್ದೆ ನಮ್ಮದಾಯಿತು. ಆದರೂ ಧಣಿಗಳ ಮನೆಯ ಅಂಗಳದಲ್ಲಿ ಅಜ್ಜ ಕೊನೆತನಕ ಕೂತಿದ್ದನ್ನು ನಾನು ನೋಡಲಿಲ್ಲ, ನಿಂತೇ ಮಾತಾಡುತ್ತಿದ್ದರು. ಹಾಗಾಗಿ ದೊಡ್ಡ ಮನೆ ಅಂದ ಕೂಡಲೇ ನನ್ನೊಳಗೆ ಎರಡು ಭಾವನೆ ಒಟ್ಟಿಗೇ ಏಳುತ್ತವೆ. ಒಂದು, ಎಷ್ಟು ಚಂದ ಅಂತ. ಇನ್ನೊಂದು, ಇದಕ್ಕೆ ಅಕ್ಕಿ ಅಳೆದವರು ಯಾರು ಅಂತ.

ಕ್ಯಾಸಲ್‌ಟೌನ್ ಕಟ್ಟಿಸಿದ ವಿಲಿಯಂ ಕಾನಲಿ ಹುಟ್ಟಿನಿಂದ ಧಣಿಯಲ್ಲ. ವಾಯವ್ಯ ಮೂಲೆಯ ಬ್ಯಾಲಿಶಾನನ್ ಎಂಬ ಊರಿನಲ್ಲಿ ಅವನ ಅಪ್ಪ ಛತ್ರದಂಥ ಒಂದು ಇನ್ ನಡೆಸುತ್ತಿದ್ದ. ವಿಲಿಯಂ ವಕೀಲಿ ಕಲಿತ. 1690ರಲ್ಲಿ ಬಾಯ್ನ್ ನದಿಯ ಯುದ್ಧ ಆಯಿತು. ಸೋತ ಕ್ಯಾಥೊಲಿಕ್ ದೊರೆಯ ಪರ ಇದ್ದವರ ಜಮೀನನ್ನೆಲ್ಲ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಆ ಜಮೀನು ಕೊಂಡು, ಮಾರಿ, ಮತ್ತೆ ಕೊಂಡು ಕಾನಲಿ ಬೆಳೆದ. ಪ್ರೊಟೆಸ್ಟಂಟ್ ಆಗಿದ್ದರಿಂದಲೇ ಅದು ಸಾಧ್ಯವಾಯಿತು. ಆ ಕಾಲದ ಕಾನೂನಿನಲ್ಲಿ ಕ್ಯಾಥೊಲಿಕರು ಜಮೀನು ಕೊಳ್ಳುವಂತೆಯೇ ಇರಲಿಲ್ಲ. 1715ರಲ್ಲಿ ಐರಿಷ್ ಪಾರ್ಲಿಮೆಂಟಿನ ಸ್ಪೀಕರ್ ಆದ. 1722ರಲ್ಲಿ ಈ ಮನೆಯ ಕೆಲಸ ಶುರು ಮಾಡಿಸಿದ. ಇಟಲಿಯ ಅಲೆಸ್ಸಾಂಡ್ರೊ ಗಲಿಲೇಯಿ ಮುಂಭಾಗದ ನಕ್ಷೆ ಮಾಡಿದ. ಪಕ್ಕದ ಕಟ್ಟಡಗಳು ಮತ್ತು ಕಂಬಸಾಲು ಎಡ್ವರ್ಡ್ ಲವೆಟ್ ಪಿಯರ್ಸ್‌ನದ್ದು. 1729ರಲ್ಲಿ ಕಾನಲಿ ತೀರಿಕೊಂಡಾಗ ಅವನಷ್ಟು ಶ್ರೀಮಂತ ಇಡೀ ಐರ್ಲೆಂಡಿನಲ್ಲಿ ಇನ್ನೊಬ್ಬ ಇರಲಿಲ್ಲ ಅನ್ನುತ್ತಾರೆ. ಮಕ್ಕಳಿರಲಿಲ್ಲ. ಮನೆ ಒಳಗೆ ಅರ್ಧಕ್ಕೆ ನಿಂತಿತ್ತು. ದೊಡ್ಡ ಮೆಟ್ಟಿಲೂ ಆಗಿರಲಿಲ್ಲ.

ಆ ಮೆಟ್ಟಿಲು ಮಾಡಿಸಿದವಳು ಲೂಯಿಸಾ. ಈ ಮನೆಯ ಬಗ್ಗೆ ಮಾತಾಡುವಾಗ ನನಗೆ ಬೇರೆ ಯಾರಿಗಿಂತಲೂ ಇವಳೇ ಹತ್ತಿರ ಅನ್ನಿಸುತ್ತಾಳೆ.

ಲೂಯಿಸಾ ಲೆನಾಕ್ಸ್ ಇಂಗ್ಲೆಂಡಿನ ರಿಚ್ಮಂಡ್ ಡ್ಯೂಕನ ಮಗಳು. ಎಂಟು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಅಕ್ಕ ಎಮಿಲಿ ಐರ್ಲೆಂಡಿನ ಫಿಟ್ಜ್‌ಜೆರಲ್ಡ್ ಮನೆತನಕ್ಕೆ ಮದುವೆಯಾಗಿ ಬಂದಿದ್ದಳು. ಪುಟ್ಟ ಲೂಯಿಸಾ ಅಕ್ಕನ ಮನೆಗೆ ಬಂದಳು. ಆ ಮನೆಯೇ ಕಾರ್ಟನ್. ಮೇನೂತ್ ಊರಿನ ಹತ್ತಿರ, ನಮ್ಮಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ಲೂಯಿಸಾಗೆ 15 ವರ್ಷ ತುಂಬಿದಾಗ, 1758ರ ಕೊನೆಗೆ, ಕ್ಯಾಸಲ್‌ಟೌನ್‌ನ ಟಾಮ್ ಕಾನಲಿ ಜೊತೆ ಮದುವೆ ಆಯಿತು. ಸ್ಪೀಕರ್ ಕಾನಲಿಯ ತಮ್ಮನ ಮೊಮ್ಮಗ ಟಾಮ್. ಅಕ್ಕ ಒಂದು ದೊಡ್ಡ ಮನೆಯಲ್ಲಿ, ತಂಗಿ ಪಕ್ಕದ ದೊಡ್ಡ ಮನೆಯಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರವೂ ಇವರದ್ದೇ ಜಮೀನು.

ಬಂದ ಕೂಡಲೇ ಲೂಯಿಸಾ ಮನೆ ಕೆಲಸಕ್ಕೆ ಇಳಿದಳು. ಪೋರ್ಟ್‌ಲ್ಯಾಂಡ್ ಕಲ್ಲಿನ ಮೆಟ್ಟಿಲು ಬಂತು. ಕೆಳಗಿನಿಂದ ಆಸರೆಯೇ ಇಲ್ಲ. ಪ್ರತಿ ಮೆಟ್ಟಿಲೂ ಒಂದು ತುದಿ ಗೋಡೆಯೊಳಗೆ ಕಚ್ಚಿಕೊಂಡು, ಕೆಳಗಿನ ಮೆಟ್ಟಿಲ ಮೇಲೆ ಕೂತಿದೆ. ಕಲ್ಲು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಸುತ್ತಲಿನ ಗೋಡೆಯ ಮೇಲೆ ಹೂವು, ಚಿಪ್ಪು, ಮುಖಗಳು. ಎಲ್ಲ ಗಾರೆಯಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದ ಫಿಲಿಪ್ಪೊ ಲಾಫ್ರಾಂಕಿನಿಯ ಕೈಕೆಲಸ. ಅವನೂ ಅಣ್ಣ ಪಾವೊಲೊ ಕೂಡ ಅದಕ್ಕೆ ಇಪ್ಪತ್ತು ವರ್ಷ ಮೊದಲು ಕಾರ್ಟನ್‌ನ ದೊಡ್ಡ ಹಾಲ್‌ನ ಚಾವಣಿಯನ್ನೂ ಮಾಡಿದ್ದರು. ಅಲ್ಲಿ ಗಾರೆಯ ಪುಟ್ಟ ಮಕ್ಕಳು ಗೋಡೆಯಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಈಗಲೋ ಆಗಲೋ ಕೆಳಗೆ ಜಿಗಿಯುತ್ತಾರೆ ಅನ್ನಿಸುತ್ತದೆ.

ನನಗೆ ತುಂಬ ಇಷ್ಟದ ಕೋಣೆ ಪ್ರಿಂಟ್ ರೂಮ್. ಲೂಯಿಸಾ ವರ್ಷಗಟ್ಟಲೆ ಅಚ್ಚಿನ ಚಿತ್ರಗಳನ್ನು ಕೂಡಿಟ್ಟಳು. ಅಕ್ಕತಂಗಿಯರಿಗೆ ಬರೆದು ತರಿಸಿಕೊಂಡಳು. ಆಮೇಲೆ ತಂಗಿ ಸಾರಾ ಜೊತೆ ಕೂತು ಒಂದೊಂದನ್ನೂ ಕತ್ತರಿಸಿ, ಕಾಗದದ ಹೂಮಾಲೆ, ಗಂಟು, ಚೌಕಟ್ಟು ಅಂಟಿಸಿ, ಇಡೀ ಗೋಡೆ ತುಂಬಿಸಿದಳು. ಶ್ರೀಮಂತರ ಮನೆಯ ಹೆಣ್ಣುಮಕ್ಕಳು ಆಗ ಇಂಥದ್ದು ಮಾಡುತ್ತಿದ್ದರಂತೆ. ಐರ್ಲೆಂಡಿನಲ್ಲಿ ಹದಿನೆಂಟನೇ ಶತಮಾನದ್ದು ಪೂರ್ತಿಯಾಗಿ ಉಳಿದಿರುವುದು ಇದೊಂದೇ. ಹತ್ತಿರ ನಿಂತು ನೋಡಿದರೆ ಕತ್ತರಿ ಹೋದ ದಾರಿ ಗೊತ್ತಾಗುತ್ತದೆ. ಮಾಲೆ ಸ್ವಲ್ಪ ಓರೆಯಾಗಿರುವ ಜಾಗಗಳಿವೆ. ಇಂಥ ಕಡೆಗಳಲ್ಲಿ ನನಗೆ ಡ್ಯೂಕನ ಮಗಳು ಕಾಣುವುದಿಲ್ಲ. ಮಳೆಗಾಲದ ಮಧ್ಯಾಹ್ನ ಅಂಟು ಹಚ್ಚಿಕೊಂಡು ಕೂತ ಇಬ್ಬರು ಅಕ್ಕತಂಗಿಯರು ಕಾಣುತ್ತಾರೆ.

ಮೇಲಿನ ಮಹಡಿಯಲ್ಲಿ ಲಾಂಗ್ ಗ್ಯಾಲರಿ. ಎಂಬತ್ತು ಅಡಿ ಉದ್ದದ ನೀಲಿ ಕೋಣೆ. ಅದಕ್ಕೆ ವೆನಿಸ್‌ನ ಮುರಾನೊದಿಂದ ಮೂರು ಗಾಜಿನ ತೂಗುದೀಪ ತರಿಸಿದಳು. ಗುಲಾಬಿ, ನೀಲಿ ಹೂಗಳಿರುವ ದೀಪಗಳು. ಅಷ್ಟು ದೂರದಿಂದ ಬಂದು ಬಿಚ್ಚಿ ನೋಡಿದರೆ, ದೀಪದ ನೀಲಿಗೂ ಗೋಡೆಯ ನೀಲಿಗೂ ಹೊಂದಿಕೆ ಇಲ್ಲ. ಅದನ್ನು ಅವಳು ಪತ್ರದಲ್ಲಿ ಬರೆದುಕೊಂಡಿದ್ದಾಳೆ. ಆದರೂ ತೂಗುಹಾಕಿಸಿದಳು. ಇವತ್ತಿಗೂ ಅವು ಅಲ್ಲೇ ಇವೆ. ನಾನು ಪ್ರತಿ ಸಲವೂ ಎರಡು ನೀಲಿಯನ್ನೂ ಹೋಲಿಸಿ ನೋಡುತ್ತೇನೆ. ಅವಳು ಹೇಳಿದ್ದು ನಿಜ.

ಇನ್ನು ಫಿಟ್ಜ್‌ಜೆರಲ್ಡ್‌ರ ಕಡೆ ಬರೋಣ. ಅವರದ್ದು ಕಾನಲಿಗಳ ಹಾಗೆ ಹೊಸ ದುಡ್ಡಲ್ಲ, ನೂರಾರು ವರ್ಷದ ಮನೆತನ. ಮೇನೂತ್‌ನಲ್ಲಿ ಅವರ ಹಳೆಯ ಕೋಟೆಯ ಗೋಡೆಗಳು ಈಗಲೂ ನಿಂತಿವೆ. 1739ರಲ್ಲಿ 19ನೇ ಕಿಲ್ಡೇರ್ ಅರ್ಲ್ ಕಾರ್ಟನ್ ಮನೆಯನ್ನು ಕೈಗೆ ತೆಗೆದುಕೊಂಡು, ಜರ್ಮನಿಯಿಂದ ಬಂದ ರಿಚರ್ಡ್ ಕ್ಯಾಸಲ್ ಎಂಬ ವಾಸ್ತುಶಿಲ್ಪಿಯಿಂದ ಹೊಸದಾಗಿ ಕಟ್ಟಿಸಿದ. ಅವನ ಮಗ ಜೇಮ್ಸ್, ಅಂದರೆ ಎಮಿಲಿಯ ಗಂಡ, ಅದೇ ಕ್ಯಾಸಲ್‌ನಿಂದ ಡಬ್ಲಿನ್‌ನಲ್ಲಿ ಪಟ್ಟಣದ ಮನೆ ಕಟ್ಟಿಸಿದ. ಜೇಮ್ಸ್ 1766ರಲ್ಲಿ ಲೆನ್‌ಸ್ಟರ್ ಡ್ಯೂಕ್ ಆದ. ಪಟ್ಟಣದ ಮನೆಗೆ ಲೆನ್‌ಸ್ಟರ್ ಹೌಸ್ ಅಂತ ಹೆಸರಾಯಿತು. ಸಮುದ್ರದ ಕಡೆ ಬ್ಲ್ಯಾಕ್‌ರಾಕ್‌ನಲ್ಲಿ ಫ್ರೆಸ್ಕಾಟಿ ಅಂತ ಇನ್ನೊಂದು ಮನೆ ಇತ್ತು, ಮಕ್ಕಳ ಗಾಳಿ ಬದಲಾವಣೆಗೆ. ಎಮಿಲಿ ಹೆತ್ತದ್ದು ಒಟ್ಟು 22 ಮಕ್ಕಳನ್ನು. 19 ಡ್ಯೂಕನಿಂದ. ಅವನು ತೀರಿಕೊಂಡ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ವಿಲಿಯಂ ಓಗಿಲ್ವಿಯನ್ನು ಮದುವೆಯಾದಳು. ಅವನಿಂದ ಮೂವರು. ಎಷ್ಟೋ ಮಕ್ಕಳು ಚಿಕ್ಕಂದಿನಲ್ಲೇ ಹೋದರು. ಲೂಯಿಸಾಗೆ ಒಂದೂ ಆಗಲಿಲ್ಲ.

ಹಾಗಾಗಿ ಅಕ್ಕನ ಮಕ್ಕಳೇ ಲೂಯಿಸಾಗೆ ಮಕ್ಕಳು. ಅವರಲ್ಲಿ ಒಬ್ಬ ಲಾರ್ಡ್ ಎಡ್ವರ್ಡ್. ಫ್ರಾನ್ಸಿನ ಕ್ರಾಂತಿ ನೋಡಿ ಬಂದವನು. ಧಣಿಗಳ ಮನೆಯಲ್ಲೇ ಹುಟ್ಟಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಯುನೈಟೆಡ್ ಐರಿಷ್‌ಮೆನ್ ಸಂಘಟನೆಯ ನಾಯಕನಾದ. 1798ರ ಮೇ 19ರಂದು ಡಬ್ಲಿನ್‌ನ ಥಾಮಸ್ ಸ್ಟ್ರೀಟ್‌ನ ಒಂದು ಮನೆಯಲ್ಲಿ ಅಡಗಿದ್ದಾಗ ಸಿಕ್ಕಿಬಿದ್ದ. ಹೊಡೆದಾಟದಲ್ಲಿ ಗುಂಡು ತಗುಲಿತು. ಜೈಲಿನಲ್ಲಿ ಗಾಯ ನಂಜಾಗಿ ಜ್ವರ ಏರಿತು. ಚಿಕ್ಕಮ್ಮ ಲೂಯಿಸಾ ಅವನನ್ನು ನೋಡಲೇಬೇಕು ಅಂತ ವೈಸ್‌ರಾಯ್ ಹತ್ತಿರ ಹೋಗಿ ಬೇಡಿಕೊಂಡಳು. ಆಗುವುದಿಲ್ಲ ಅಂದ. ಕೊನೆಗೆ ಐರ್ಲೆಂಡಿನ ಅತಿ ದೊಡ್ಡ ನ್ಯಾಯಾಧಿಕಾರಿ, ಲಾರ್ಡ್ ಚಾನ್ಸಲರ್ ಕ್ಲೇರ್ ಹತ್ತಿರ ಹೋದಳು. ಬಂಡಾಯಗಾರರ ಮೇಲೆ ಅವನಷ್ಟು ಕಟುವಾಗಿದ್ದವರು ಇನ್ನೊಬ್ಬರಿರಲಿಲ್ಲ. ಅವನೇ ತನ್ನ ಗಾಡಿಯಲ್ಲಿ ಲೂಯಿಸಾಳನ್ನೂ ಎಡ್ವರ್ಡ್‌ನ ಸಹೋದರ ಹೆನ್ರಿಯನ್ನೂ ಕೂರಿಸಿಕೊಂಡು ಜೈಲಿಗೆ ಕರೆದುಕೊಂಡು ಹೋದ. ಅದು ಜೂನ್ 3ರ ರಾತ್ರಿ. ಎಡ್ವರ್ಡ್ ಗುರುತು ಹಿಡಿದ. ಅವರು ಹೊರಟು ಕೆಲವೇ ಗಂಟೆಗಳಲ್ಲಿ, ಬೆಳಗಾಗುವ ಮೊದಲೇ ಹೋಗಿಬಿಟ್ಟ. ಅವನಿಗೆ 34 ವರ್ಷ.

ಅದೇ ಜೂನ್ ತಿಂಗಳಲ್ಲಿ ಐರ್ಲೆಂಡಿಗೆ ಹೊಸ ವೈಸ್‌ರಾಯ್ ಬಂದ. ಹೆಸರು ಓದಿ ಒಂದು ಕ್ಷಣ ತಡೆದೆ. ಲಾರ್ಡ್ ಕಾರ್ನ್‌ವಾಲಿಸ್. ಆರು ವರ್ಷ ಮೊದಲು, 1792ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದವನು. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಹೆಸರು. ಎಮಿಲಿಯ ಮಗ ಸತ್ತ ಊರಿಗೇ ಅವನು ಬಂದು ಕೂತ. ಬಂಡಾಯ ಅಡಗಿಸಿದ. ಐರಿಷ್ ಪಾರ್ಲಿಮೆಂಟ್ ತನ್ನನ್ನು ತಾನೇ ಮುಚ್ಚಿಕೊಳ್ಳುವ ಕಾಯ್ದೆಯನ್ನು 1800ರಲ್ಲಿ ಪಾಸು ಮಾಡಿಸಿದ. ಟಾಮ್ ಕಾನಲಿಯೂ ಅದರ ಪರ ನಿಂತವನೇ.

ಪಾರ್ಲಿಮೆಂಟ್ ಲಂಡನ್ನಿಗೆ ಹೋದ ಮೇಲೆ ಧಣಿಗಳಿಗೆ ಡಬ್ಲಿನ್‌ನಲ್ಲಿ ಕೆಲಸ ಉಳಿಯಲಿಲ್ಲ. 1815ರಲ್ಲಿ ಲೆನ್‌ಸ್ಟರ್ ಹೌಸ್ ಮಾರಾಟವಾಯಿತು. ಈಗ ಅದೇ ಸ್ವತಂತ್ರ ಐರ್ಲೆಂಡಿನ ಪಾರ್ಲಿಮೆಂಟ್. 1922ರಿಂದ ಅಲ್ಲೇ ಸಭೆ ಸೇರುತ್ತದೆ. ಎಡ್ವರ್ಡ್ ಆಡಿ ಬೆಳೆದ ಫ್ರೆಸ್ಕಾಟಿ ಮಾತ್ರ ಉಳಿಯಲಿಲ್ಲ. ವರ್ಷಗಟ್ಟಲೆ ಜನ ಹೋರಾಡಿದರೂ 1983ರಲ್ಲಿ ಕೆಡವಿದರು. ಅಲ್ಲೀಗ ಶಾಪಿಂಗ್ ಸೆಂಟರ್ ಇದೆ.

ಕಾರ್ಟನ್ ಕೈತಪ್ಪಿದ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಡ್ಯೂಕ್‌ಗಳ ಹತ್ತಿರ 70,000 ಎಕರೆಗೂ ಜಾಸ್ತಿ ಜಮೀನಿತ್ತು. 1903ರಲ್ಲಿ ಭೂಕಾಯ್ದೆ ಬಂತು. ಸರ್ಕಾರ ಧಣಿಗೆ ನಗದು ಕೊಡುತ್ತದೆ, ಒಕ್ಕಲು 68 ವರ್ಷಕ್ಕೂ ಜಾಸ್ತಿ ಕಾಲ ಕಂತು ಕಟ್ಟಿ ಹೊಲವನ್ನು ತನ್ನದು ಮಾಡಿಕೊಳ್ಳುತ್ತಾನೆ. ಲೆನ್‌ಸ್ಟರ್ ಎಸ್ಟೇಟ್ ತನ್ನ ಒಕ್ಕಲುಗಳಿಗೆ ಮೊದಮೊದಲಿಗೇ ಮಾರಿದ ಎಸ್ಟೇಟ್‌ಗಳಲ್ಲಿ ಒಂದು. ಜಮೀನು ಹೋದರೂ ಮನೆ, ತೋಟ, ನಗದು ಇದ್ದವು. ಆಮೇಲೆ ಮೂವರು ಅಣ್ಣತಮ್ಮಂದಿರ ಕಾಲ. ಹಿರಿಯವನು ಮನೋರೋಗದಿಂದ ಎಡಿನ್‌ಬರೋ ಆಸ್ಪತ್ರೆಯಲ್ಲಿ. ನಡುವಿನವನು ಮೊದಲ ಮಹಾಯುದ್ಧದಲ್ಲಿ 1916ರಲ್ಲಿ ತೀರಿಕೊಂಡ. ಕೊನೆಯವನು ಎಡ್ವರ್ಡ್, ತನಗೆ ಪಟ್ಟ ಬರುವುದಿಲ್ಲ ಅಂದುಕೊಂಡವನು. ಜೂಜಿನ ಸಾಲ ಕುತ್ತಿಗೆಗೆ ಬಂದಿತ್ತು. ಮುಂದೆ ತನಗೆ ಬರಬಹುದಾದ ಹಕ್ಕನ್ನು ಹ್ಯಾರಿ ಮಲ್ಲಬಿ-ಡೀಲಿ ಎಂಬ ಇಂಗ್ಲಿಷ್ ಸಿರಿವಂತನಿಗೆ ಬರೆದುಕೊಟ್ಟ. ಸಾಲ ತೀರಿಸುವುದು, ಜೊತೆಗೆ ವರ್ಷಕ್ಕೆ 1,000 ಪೌಂಡ್. 1922ರಲ್ಲಿ ಹಿರಿಯಣ್ಣ ತೀರಿಕೊಂಡ. ಎಡ್ವರ್ಡ್ ಏಳನೇ ಡ್ಯೂಕ್ ಆದ. ಆದರೆ ಮನೆ ಅವನದ್ದಾಗಿರಲಿಲ್ಲ. 1949ರಲ್ಲಿ ಕಾರ್ಟನ್ ಬೇರೆಯವರ ಪಾಲಾಯಿತು. ಈಗ ಹೋಟೆಲ್, ಗಾಲ್ಫ್ ಮೈದಾನ.

ಮದುವೆ ವಾರ್ಷಿಕೋತ್ಸವಕ್ಕೆ ನಾವೂ ಒಮ್ಮೆ ಅಲ್ಲಿಗೆ ಚಹಾಕ್ಕೆ ಹೋಗಿದ್ದೆವು. ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಲ್ ಕೊಟ್ಟು ಕೂತ ಕುರ್ಚಿಯಿಂದ ತಲೆಯೆತ್ತಿ ನೋಡುವುದು ಬೇರೆ, ಯಾರಪ್ಪಣೆಯೂ ಬೇಡದೆ ಒದ್ದೆ ಹುಲ್ಲಿನ ಮೇಲೆ ಸುತ್ತುವುದು ಬೇರೆ. ಹಾಗಾಗಿಯೇ ನನಗೆ ಕ್ಯಾಸಲ್‌ಟೌನ್ ಮೇಲೆ ಜಾಸ್ತಿ ಪ್ರೀತಿ.

ಅದೂ ಹೋಗಿಯೇಬಿಡುವುದರಲ್ಲಿತ್ತು. 1965ರಲ್ಲಿ ಮನೆತನದವರು ಮಾರಿದರು. ಮರುವರ್ಷ ಒಳಗಿನ ಸಾಮಾನೆಲ್ಲ ಹರಾಜಿಗೆ ಹೋಯಿತು. ಖಾಲಿ ಮನೆ. ಕಿಟಕಿ ಗಾಜು ಒಡೆದರು. ಚಾವಣಿಯ ಸೀಸದ ತಗಡು ಕದ್ದರು. ತಗಡು ಹೋದ ಮೇಲೆ ಈ ಊರಿನ ಮಳೆಯನ್ನು ತಡೆಯುವವರು ಯಾರು? 1967ರಲ್ಲಿ ಡೆಸ್ಮಂಡ್ ಗಿನ್ನೆಸ್ 93,000 ಪೌಂಡ್ ಕೊಟ್ಟು ಮನೆಯನ್ನೂ 120 ಎಕರೆಯನ್ನೂ ಕೊಂಡರು. ಅವರೂ ಹೆಂಡತಿ ಮರೀಗಾ ಕೂಡ ಹಳೆ ಮನೆಗಳನ್ನು ಉಳಿಸಲು ಐರಿಷ್ ಜಾರ್ಜಿಯನ್ ಸೊಸೈಟಿ ಶುರು ಮಾಡಿದ್ದವರು. ಹುಡುಗ ಹುಡುಗಿಯರು ಬಂದು ಪುಕ್ಕಟೆಯಾಗಿ ಗುಡಿಸಿದರು, ಒರೆಸಿದರು, ಬಣ್ಣ ಬಳಿದರು. ಅದೇ ವರ್ಷ ಬಾಗಿಲು ಜನರಿಗೆ ತೆರೆಯಿತು. 1994ರಿಂದ ಮನೆ ಸರ್ಕಾರದ್ದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಅಜ್ಜಿ ಕ್ಯಾಸಲ್‌ಟೌನ್‌ನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಹಿಂದಿನ ಬಾಗಿಲಿನಿಂದ ಹೋಗಿ ಹಿಂದಿನ ಬಾಗಿಲಿನಿಂದಲೇ ಬಂದವರು. 2023ರಲ್ಲಿ ಕ್ಯಾಸಲ್‌ಟೌನ್‌ಗೆ ಮೋಟಾರ್‌ವೇ ಕಡೆಯಿಂದ ಬರುವ ದಾರಿಯೂ ಕಾರ್ ನಿಲ್ಲಿಸುವ ಜಾಗವೂ ಮುಚ್ಚಿದವು. ಸುತ್ತಲಿನ ಆ ಜಮೀನು ಖಾಸಗಿಯವರ ಕೈಯಲ್ಲಿತ್ತು. ಊರಿನವರು ಗೇಟಿನ ಬಳಿ ಪಾಳಿ ಹಾಕಿಕೊಂಡು ಕೂತರು. ಆ ಚಳಿಯಲ್ಲಿ ಈ ಅಜ್ಜಿಯೂ ಫ್ಲಾಸ್ಕ್ ಹಿಡಿದುಕೊಂಡು ಹೋಗಿ ಬರುತ್ತಿದ್ದರು. "ನಮ್ಮ ಮನೆಗೆ ಹೋಗುವ ದಾರಿ ಅದು" ಅಂದರು ನನ್ನ ಹತ್ತಿರ. ನಮ್ಮ ಮನೆ! ಬಟ್ಟೆ ಒಗೆದವರ ಮೊಮ್ಮಗಳು ಆ ಮಾತನ್ನು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನ್ನ ಕಣ್ಣು ತುಂಬಿತು. ಅಜ್ಜನ ನೆನಪಾಯಿತು.

ಲಾಂಗ್ ಗ್ಯಾಲರಿಯ ಹಿಂಬದಿ ಕಿಟಕಿಯಿಂದ ನೋಡಿದರೆ ದೂರದಲ್ಲಿ ಒಂದು ಕಲ್ಲಿನ ಕಟ್ಟಡ ಕಾಣುತ್ತದೆ. ಕಾನಲಿಯ ಫಾಲಿ. ಫಾಲಿ ಅಂದರೆ ಬರೀ ನೋಟಕ್ಕೆ ಅಂತ ಕಟ್ಟಿದ ಅಲಂಕಾರದ ಕಟ್ಟಡ. ಕಮಾನುಗಳ ಮೇಲೆ ಕಮಾನು, ಕಲ್ಲಿನ ಅನಾನಸು, ಕಲ್ಲಿನ ಹದ್ದು, ಎಲ್ಲದರ ಮೇಲೆ ಆಕಾಶಕ್ಕೆ ಚುಚ್ಚಿದ ಚೂಪು ಕಂಬ. 140 ಅಡಿ ಎತ್ತರ. ಒಳಗೆ ವಾಸಕ್ಕೆ ಜಾಗವಿಲ್ಲ, ಉಪಯೋಗ ಏನೂ ಇಲ್ಲ. 1739ರ ಚಳಿಗಾಲದಲ್ಲಿ ಇಲ್ಲಿ ಭೀಕರ ಹಿಮ ಬಿತ್ತು. ಆಲೂಗಡ್ಡೆ ನೆಲದೊಳಗೇ ಕೊಳೆಯಿತು. ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆಗ ಸ್ಪೀಕರ್ ಕಾನಲಿಯ ವಿಧವೆ ಕ್ಯಾಥರೀನ್, ಸುತ್ತಲಿನ ಬಡವರಿಗೆ ಕೂಲಿ ಸಿಗಲಿ ಅಂತ 1740ರಲ್ಲಿ ಇದನ್ನು ಕಟ್ಟಿಸಿದಳು. ಮುನ್ನೂರು ನಾನೂರು ಪೌಂಡ್ ಆಗಬಹುದು, ಇಷ್ಟೆಲ್ಲ ಇವಳು ಹೇಗೆ ಮಾಡುತ್ತಾಳೋ ಅಂತ ಅವಳ ತಂಗಿ ಪತ್ರದಲ್ಲಿ ಅಚ್ಚರಿಪಟ್ಟಿದ್ದಾಳೆ. ಕೂಲಿ ದಿನಕ್ಕೆ ಅರ್ಧ ಪೆನಿ ಅಂತ ಇಲ್ಲಿಯವರು ಹೇಳುತ್ತಾರೆ. ಇನ್ನೊಂದು ಸಂಗತಿ. ಅದು ನಿಂತಿರುವ ನೆಲ ಕಾನಲಿಗಳದ್ದಲ್ಲ, ಕಾರ್ಟನ್‌ನ ಫಿಟ್ಜ್‌ಜೆರಲ್ಡ್‌ರದ್ದಾಗಿತ್ತು. ಮೂರು ವರ್ಷದ ನಂತರ ಲೀಕ್ಸ್‌ಲಿಪ್‌ನಲ್ಲಿ ಒಂದು ಕಣಜ ಕಟ್ಟಿಸಿದರು. ಶಂಖದ ಹಾಗೆ ಹೊರಗಿನಿಂದ ಸುತ್ತಿ ಹತ್ತುವ 94 ಮೆಟ್ಟಿಲು. ಅದಾದರೂ ಕಾಳಿಗಾಗಿ. ಫಾಲಿ ಬರೀ ಕೂಲಿಗಾಗಿ.

ಇದನ್ನು ದಯೆ ಅನ್ನಬೇಕೋ ಬೇಡವೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅವರ ಗೇಣಿ ದುಡ್ಡನ್ನೇ ಅವರಿಗೆ ಕೂಲಿಯಾಗಿ ಕೊಟ್ಟ ಹಾಗಾಯಿತಲ್ವಾ? ಆದರೆ ಆ ವರ್ಷ ಆ ಅರ್ಧ ಪೆನಿಯಿಂದ ಒಂದು ಮಗು ಬದುಕಿದ್ದರೆ, ಆ ಮಗುವಿನ ಅಮ್ಮನಿಗೆ ಈ ಲೆಕ್ಕ ಬೇಕಿರಲಿಲ್ಲ.

ಲೂಯಿಸಾ 1821ರಲ್ಲಿ ತೀರಿಕೊಂಡಳು. ಆಗಸ್ಟ್ ತಿಂಗಳು. ಕೊನೆಯ ದಿನಗಳಲ್ಲಿ ಮನೆ ಎದುರಿನ ಹುಲ್ಲಿನ ಮೇಲೆ ಡೇರೆ ಹಾಕಿಸಿಕೊಂಡಿದ್ದಳಂತೆ, ಮಲಗಿದಲ್ಲಿಂದ ಮನೆ ಕಾಣಲಿ ಅಂತ. ಅಷ್ಟು ಹೊತ್ತಿಗೆ ಗಂಡ ಹೋಗಿ ಹದಿನೆಂಟು ವರ್ಷ, ಅಕ್ಕ ಎಮಿಲಿ ಹೋಗಿ ಏಳು ವರ್ಷ. ಊರಿನ ಮಕ್ಕಳಿಗೆ ಶಾಲೆ ನಡೆಸಿಕೊಂಡು ಅವಳು ಇಲ್ಲೇ ಉಳಿದಿದ್ದಳು.

ಕಳೆದ ತಿಂಗಳು ಮಗಳನ್ನು ಫಾಲಿ ಹತ್ತಿರ ಕರೆದುಕೊಂಡು ಹೋದೆ. ಅದರ ಕೆಳಗೆ ಮರೀಗಾ ಗಿನ್ನೆಸ್ ಅವರ ಸಮಾಧಿ ಇದೆ. 1989ರಲ್ಲಿ ತೀರಿಕೊಂಡ ಅವರನ್ನು ಇಲ್ಲೇ ಮಣ್ಣು ಮಾಡಿದರು. ನಾವು ಡಬ್ಬಿಯ ಚಿತ್ರಾನ್ನ ತಿಂದೆವು. ಗಾಳಿ ಜೋರಿತ್ತು. ಕಮಾನಿನ ಕೆಳಗಿನ ಕಲ್ಲುಗಳ ಮೇಲೆಲ್ಲ ಮಗಳು ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದಳು.

"ಏನು ಹುಡುಕ್ತಿದ್ದೀಯ ಪುಟ್ಟಿ?"

"ಕಟ್ಟಿದವರ ಹೆಸರು ಅಮ್ಮಾ. ಇಲ್ಲಿ ಯಾರೂ ಬರೆದೇ ಇಲ್ವಾ?"

ನಾನೂ ಎದ್ದು ಅವಳ ಜೊತೆ ಹುಡುಕಿದೆ. ಒಂದೊಂದೇ ಕಂಬ ಸುತ್ತಿ ಬಂದೆವು.